ಎರಡು ಸೆಕೆಂಡಿನ ಪುಸ್ತಕ

ಇಲ್ಲಿ ಬರೆಯದೆ ತುಂಬಾ ದಿನ ಆಯ್ತು. ಆಫೀಸಿನಲ್ಲಿ ಒಂದು ರಿಲೀಸ್ ಮುಗೀತು ಅನ್ನುವಷ್ಟರಲ್ಲಿ ಇನ್ನೊಂದು... ಅದು ಬಿಡಿ, ಅದರ ಬಗ್ಗೆ ಬರೆದರೆ ನೀವೂ ಓದಲ್ಲ, ನನಗೂ ಬೇಜಾರು. ಇವತ್ತು ನನ್ನದೊಂದು ಚಟದ ಬಗ್ಗೆ ಹೇಳ್ತೀನಿ.

ಚಟ ಇಷ್ಟೇ. ಟೀವಿಯಲ್ಲಿ ಹಳೆಯ ಧಾರಾವಾಹಿಯೋ ಸಿನಿಮಾವೋ ಬರುತ್ತಿರುವಾಗ ಯಾವುದಾದರೂ ಪಾತ್ರದ ಕೈಯಲ್ಲಿ ಕಾಮಿಕ್ಸೋ ವಾರಪತ್ರಿಕೆಯೋ ಕಂಡರೆ ಸಾಕು, ಆಮೇಲೆ ನನಗೆ ಕಥೆ ಬೇಡ. ನಾಯಕಿ ಬಿಕ್ಕಿ ಬಿಕ್ಕಿ ಅಳುತ್ತಿರಲಿ, ಅವಳ ಹಿಂದೆ ಟೀಪಾಯಿ ಮೇಲೆ ಬಿದ್ದಿರುವುದು ಯಾವ ಪತ್ರಿಕೆ, ಯಾವ ತಿಂಗಳದ್ದು ಅನ್ನುವುದೇ ನನ್ನ ಚಿಂತೆ. ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ನೋಡಿ... ರೂಮ್‌ಮೇಟ್ ರಿಮೋಟ್ ಕಿತ್ತುಕೊಂಡು ಎಷ್ಟೋ ಸಲ ಜಗಳ ಆಗಿದೆ.

ಇದು ಅಂಟಿಕೊಂಡಿದ್ದು 'ಡಾಕ್ಟರ್ ಹೂ' ಅನ್ನೋ ಇಂಗ್ಲೆಂಡಿನ ಧಾರಾವಾಹಿಯಿಂದ. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಒಬ್ಬ ವಿಚಿತ್ರ ಮನುಷ್ಯನ ಕಥೆ. 2013ರ ಏಪ್ರಿಲ್‌ನಲ್ಲಿ ಪ್ರಸಾರವಾದ 'ದಿ ರಿಂಗ್ಸ್ ಆಫ್ ಅಖಾಟೆನ್' ಅನ್ನುವ ಕಂತಿನ ಶುರುವಿನಲ್ಲಿ ಆತ ತನ್ನ ಗೆಳತಿಯ ಅಪ್ಪ ಅಮ್ಮ ಮೊದಲ ಸಲ ಹೇಗೆ ಭೇಟಿಯಾದರು ಅಂತ ನೋಡಲು 1981ಕ್ಕೆ ಹೋಗುತ್ತಾನೆ. ಕದ್ದು ನೋಡುವವನಿಗೆ ಕೈಯಲ್ಲೊಂದು ಪುಸ್ತಕ ಬೇಕಲ್ಲ? ಅವನ ಕೈಯಲ್ಲಿರುವುದು 'ಬೀನೋ' ಅನ್ನುವ ಮಕ್ಕಳ ಕಾಮಿಕ್ಸಿನ 1981ರ ಬೇಸಿಗೆ ವಿಶೇಷಾಂಕ. ನಮ್ಮಲ್ಲಿ ದೀಪಾವಳಿ ವಿಶೇಷಾಂಕ ಇದ್ದ ಹಾಗೆ ಅವರಿಗೆ ಬೇಸಿಗೆ ರಜೆಯದ್ದು. ಗಾಳಿಗೆ ಎಲೆ ಹಾರುತ್ತಿರುವ ಆ ದೃಶ್ಯದಲ್ಲಿ ಬೇಸಿಗೆ ವಿಶೇಷಾಂಕ ಯಾಕೆ ಅಂತ ಕೇಳಬೇಡಿ, ರಜೆ ಮುಗಿದ ಮೇಲೂ ಮನೆಯಲ್ಲಿ ಪುಸ್ತಕ ಬಿದ್ದಿರುತ್ತದೆ :) ನನಗೆ ಖುಷಿಯಾಗಿದ್ದು ಬೇರೆ ಕಾರಣಕ್ಕೆ. ಯಾರೋ ಒಬ್ಬರು ಆ ಇಸವಿಯ ಆ ಪುಸ್ತಕವನ್ನೇ ತಂದು ನಟನ ಕೈಗೆ ಕೊಟ್ಟಿದ್ದರು. ಆ ಪುಸ್ತಕ ಗೊತ್ತಿರುವವರು ಇಸವಿಯನ್ನು ಮುಖಪುಟದಲ್ಲೇ ಓದಿಕೊಳ್ಳಬಹುದು.

ಬೀನೋ ಸ್ಕಾಟ್ಲೆಂಡಿನ ಡಂಡೀ ಊರಿನ ಪತ್ರಿಕೆ. ಮೊದಲ ಸಂಚಿಕೆ 1938ರ ಜುಲೈ 30ರದ್ದು. ಇಂದಿಗೂ ವಾರವಾರ ಬರುತ್ತಿದೆ, 2019ರಲ್ಲೇ 4000 ದಾಟಿತು. ತುಂಟ ಹುಡುಗರು, ಪೆಟ್ಟು ತಿನ್ನುವ ಮೇಷ್ಟ್ರುಗಳು, ಅಷ್ಟೇ ಅದರ ಸರಕು. ನಾವು ಬಾಲಮಂಗಳದ ಡಿಂಗನನ್ನು ಓದಿ ಬೆಳೆದವರು, ನಮಗೇನೂ ಹೊಸದಲ್ಲ.

ಬೀನೋದ ಅತಿ ಪ್ರಸಿದ್ಧ ಕಾಣಿಸಿಕೊಳ್ಳುವಿಕೆ ಟೀವಿಯಲ್ಲಿ ಅಲ್ಲ, ಒಂದು ಗ್ರಾಮೊಫೋನ್ ತಟ್ಟೆಯ ಹೊದಿಕೆಯ ಮೇಲೆ. 1966ರಲ್ಲಿ ಜಾನ್ ಮೇಯಲ್ ತಂಡದ ಆಲ್ಬಮ್ ಬಂತು. ಹೊದಿಕೆಗೆ ಫೋಟೋ ತೆಗೆಯುವ ದಿನ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್‌ಗೆ ಫೋಟೋ ಅಂದರೆ ಬೇಜಾರು. ಒಂದು ಬೀನೋ ಕೊಂಡು ತಂದು, ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ತಾನು ಮುಖ ಗಂಟಿಕ್ಕಿಕೊಂಡು ಅದನ್ನು ಓದುತ್ತಾ ಕೂತ. ಇವತ್ತಿಗೂ ಆ ಆಲ್ಬಮ್ಮಿಗೆ ಜನ 'ಬೀನೋ ಆಲ್ಬಮ್' ಅಂತಲೇ ಕರೆಯುತ್ತಾರೆ. ಅವನ ಕೈಯಲ್ಲಿರುವುದು 1242ನೇ ಸಂಚಿಕೆ, 1966ರ ಮೇ 7ರದ್ದು. ನಾನು ಎಂಜಿನಿಯರ್ ಅಲ್ವಾ, ಸುಮ್ಮನೆ ನಂಬಲಿಲ್ಲ. 1000ನೇ ಸಂಚಿಕೆ 1961ರ ಸೆಪ್ಟೆಂಬರ್ 16ರದ್ದು. ಅಲ್ಲಿಂದ 242 ವಾರ ಅಂದರೆ 1694 ದಿನ. ಎಣಿಸಿದರೆ ಸರಿಯಾಗಿ 1966ರ ಮೇ 7, ಶನಿವಾರಕ್ಕೇ ಬಂದು ನಿಲ್ಲುತ್ತದೆ! ಒಂದು ವಾರವೂ ತಪ್ಪಿಲ್ಲ. ರಾತ್ರಿ ಹನ್ನೊಂದೂವರೆಗೆ ಒಬ್ಬನೇ ಕೂತು ಚಪ್ಪಾಳೆ ತಟ್ಟಿದೆ.

ನಮ್ಮಲ್ಲಿ ಇಂಥದ್ದು ಇಲ್ಲವಾ ಅಂದರೆ, ಇದೆ. 'ಆರಾಧನಾ' (1969) ಸಿನಿಮಾದ ಆ ರೈಲಿನ ಹಾಡು ನೆನಪಿಸಿಕೊಳ್ಳಿ. ರಾಜೇಶ್ ಖನ್ನಾ ಜೀಪಿನಲ್ಲಿ, ಶರ್ಮಿಳಾ ಟಾಗೋರ್ ಕಿಟಕಿ ಪಕ್ಕ. ಆಕೆಯ ಕೈಯಲ್ಲಿರುವುದು ಅಲಿಸ್ಟೇರ್ ಮ್ಯಾಕ್ಲೀನ್ ಬರೆದ 'ವೆನ್ ಎಯ್ಟ್ ಬೆಲ್ಸ್ ಟೋಲ್' ಅನ್ನುವ ಥ್ರಿಲ್ಲರ್. ಅಷ್ಟು ನಾಚಿಕೊಂಡು ಓದುವ ಪುಸ್ತಕ ಅದಲ್ಲ ಬಿಡಿ, ಆದರೂ ಅದನ್ನು ಗುರುತು ಹಿಡಿದವರು ಸಾವಿರ ಜನ ಇದ್ದಾರೆ. ಯಾಕೆಂದರೆ ಆ ಪುಸ್ತಕ ಇವತ್ತಿಗೂ ಸಿಗುತ್ತದೆ.

ಕನ್ನಡದ್ದು ಹುಡುಕಲು ಹೊರಟಾಗ ನನಗೆ ಕಷ್ಟ ಶುರುವಾಯಿತು. ನಮ್ಮ ಧಾರಾವಾಹಿಗಳ ಅಪ್ಪಂದಿರ ಕೈಯಲ್ಲಿ ಸದಾ ಒಂದು ದಿನಪತ್ರಿಕೆ ಇರುತ್ತದೆ, ಮಕ್ಕಳ ಕೈಯಲ್ಲಿ ಏನೂ ಇರುವುದಿಲ್ಲ. ನೀವೇ ಗಮನಿಸಿ. ಹುಡುಗ ಹೋಮ್‌ವರ್ಕ್ ಮಾಡುತ್ತಿರುತ್ತಾನೆ ಇಲ್ಲವೇ ಕ್ರಿಕೆಟ್ ಬ್ಯಾಟ್ ಹಿಡಿದು ಓಡಿ ಬರುತ್ತಾನೆ. ಮಂಚದ ಕೆಳಗೆ ಚಂದಮಾಮ ಇಟ್ಟುಕೊಂಡು ಓದುವ ಹುಡುಗ ನಮ್ಮ ಬರಹಗಾರರಿಗೆ ಹೊಳೆಯುವುದೇ ಇಲ್ಲ. ಅವರೆಲ್ಲಾ ಹಾಗೆ ಓದಿಯೇ ಬೆಳೆದವರು ಅನ್ನೋದು ನನ್ನ ಗುಮಾನಿ.

ಅಪ್ಪಿತಪ್ಪಿ ಕಂಡರೂ ಓದಲು ಆಗಬೇಕಲ್ಲ. ಎರಡು ಸೆಕೆಂಡು ಕಾಣಿಸುತ್ತದೆ ಅಂದುಕೊಳ್ಳಿ. ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ 50 ಚಿತ್ರ. ಯೂಟ್ಯೂಬಿನಲ್ಲಿ ನಿಲ್ಲಿಸಿ ಪೂರ್ಣವಿರಾಮದ ಕೀಲಿ ಒತ್ತಿದರೆ ಒಂದೊಂದೇ ಫ್ರೇಮ್ ಮುಂದಕ್ಕೆ ಹೋಗುತ್ತದೆ, ಅಲ್ಪವಿರಾಮ ಒತ್ತಿದರೆ ಹಿಂದಕ್ಕೆ. (ಗೊತ್ತಿಲ್ಲದಿದ್ದರೆ ಈಗಲೇ ಮಾಡಿ ನೋಡಿ, ಜೀವನ ಬದಲಾಗುತ್ತದೆ.) ಆದರೆ ಹಳೆಯ ಟೀವಿಯ ಚಿತ್ರದಲ್ಲಿ ಒಟ್ಟು ಇರುವುದೇ 576 ಗೆರೆ. ಅದನ್ನು ಯಾರೋ ಕ್ಯಾಸೆಟ್ಟಿಗೆ ಇಳಿಸಿ, ಆಮೇಲೆ ಕಂಪ್ಯೂಟರಿಗೆ ಹತ್ತಿಸಿ, ಅಲ್ಲಿಂದ ಯೂಟ್ಯೂಬಿಗೆ ಹಾಕುವ ಹೊತ್ತಿಗೆ ಪತ್ರಿಕೆಯ ಹೆಸರಿಗೆ ಉಳಿಯುವುದು ಎಂಟೋ ಹತ್ತೋ ಗೆರೆ. ಇಂಗ್ಲಿಷಿನ ದಪ್ಪ ಅಕ್ಷರ ಹೇಗೋ ಬದುಕಿಕೊಳ್ಳುತ್ತದೆ. ನಮ್ಮ ತಲೆಕಟ್ಟು, ಕೊಂಬು, ಒತ್ತು ಎಲ್ಲಾ ಸೇರಿ ಒಂದು ಮಸಿ ಚುಕ್ಕೆ.

ಇಲ್ಲಿ ಬರುತ್ತಾರೆ ನಮ್ಮ ಕಾಕಾ.

ಕಾಕಾ ಇರುವುದು ಸುರಪುರದಲ್ಲಿ, ನಮ್ಮ ಹಳೇ ಮನೆಯಲ್ಲಿ. ಪ್ರೈಮರಿ ಶಾಲೆಯಲ್ಲಿ ಮಾಸ್ತರರಾಗಿದ್ದು ಈಚೆಗೆ ರಿಟೈರ್ ಆದರು. ಅವರು ಮೊದಲ ಸಲ ಟೀವಿ ನೋಡಿದ್ದು ಸೋದರಮಾವನ ಹಳ್ಳಿಯ ಶಾಲೆಯಲ್ಲಂತೆ. ಆಗ ನಮ್ಮದಿನ್ನೂ ಗುಲಬರ್ಗಾ ಜಿಲ್ಲೆ, ಯಾದಗಿರಿ ಬೇರೆ ಆಗಿದ್ದು 2010ರಲ್ಲಿ. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ನಾಸಾದ ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೀವಿ ಕಾರ್ಯಕ್ರಮ ಕಳಿಸಿದರಲ್ಲ, ಅದರಲ್ಲಿ ನಮ್ಮ ರಾಜ್ಯದಿಂದ ಆರಿಸಿಕೊಂಡಿದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಬೆಂಗಳೂರಿನವರು ಟೀವಿ ಕಾಣುವ ಮೊದಲೇ ನಮ್ಮ ಕಾಕಾ ಕಂಡಿದ್ದರು! ಈ ಮಾತನ್ನು ಬೆಂಗಳೂರಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. 1976ರ ಜುಲೈ 31ಕ್ಕೆ ಅದು ಮುಗಿಯಿತು, ಉಪಗ್ರಹ ವಾಪಸ್ ಹೋಯಿತು. "ಟೀವಿ ಬಂದಂಗ ಬಂದು ಹೋತು, ಪುಸ್ತಕ ಉಳೀತು" ಅಂತಾರೆ ಕಾಕಾ. ಚಂದಮಾಮ ಕೂಡಿಡಲು ಶುರು ಮಾಡಿದ್ದು ಆ ವರ್ಷವೇ ಅಂತೆ. ಊರಲ್ಲಿ ಸಿಗದ ತಿಂಗಳು ಯಾದಗಿರಿ ರೈಲ್ವೆ ಸ್ಟೇಷನ್ನಿನ ಪುಸ್ತಕದಂಗಡಿವರೆಗೆ ಬಸ್ಸಲ್ಲಿ ಹೋಗಿ ತರುತ್ತಿದ್ದರು.

ನಾನು ಸ್ಕ್ರೀನ್‌ಶಾಟ್ ವಾಟ್ಸಾಪಿನಲ್ಲಿ ಕಳಿಸುವುದು, ಅವರು ಉತ್ತರ ಹೇಳುವುದು. ಮೂರು ವರ್ಷದಿಂದ ಇದೇ ನಮ್ಮಾಟ.

"ಕಾಕಾ, ಹೆಸರು ಓದಾಕ ಬರವಲ್ದು ನೋಡ್ರಿ."

"ಅಕ್ಷರ ಯಾಕ ಓದಾಕ ಹೋಗ್ತಿ? ಬಣ್ಣ ನೋಡು ಮೊದಲ. ಮುಂದಿನ ರಟ್ಟು ಯಾವ ಪುಸ್ತಕ ಅಂತ ಹೇಳ್ತದ, ಹಿಂದಿನ ರಟ್ಟು ಯಾವ ವರ್ಷ ಅಂತ ಹೇಳ್ತದ."

ಎಂಥಾ ಮಾತು ನೋಡಿ! ಯಾರಾದರೂ ಪತ್ರಿಕೆ ಹಿಡಿದು ಓದುತ್ತಿದ್ದರೆ ಕ್ಯಾಮೆರಾಕ್ಕೆ ಎರಡೂ ರಟ್ಟು ಕಾಣುತ್ತವೆ. ಹಿಂದಿನದ್ದರಲ್ಲಿ ಜಾಹೀರಾತು. ಯಾವ ಸೋಪು, ಯಾವ ಬಿಸ್ಕೀಟು, ಅದರ ಡಬ್ಬಿ ಆಗ ಯಾವ ಬಣ್ಣದ್ದಿತ್ತು ಅನ್ನೋದರಿಂದ ಕಾಕಾ ವರ್ಷ ಹೇಳುತ್ತಾರೆ. ಆಮೇಲೆ ಟ್ರಂಕು ತೆಗೆದು ತಾಳೆ ನೋಡುತ್ತಾರೆ. ಒಮ್ಮೆ ಹಳೆಯ ಕಪ್ಪು ಬಿಳುಪು ಸಿನಿಮಾದ ಒಂದು ಹಾಡಿನ ಚಿತ್ರ ಕಳಿಸಿದ್ದೆ. ಅದರಲ್ಲಿ ಬಣ್ಣವೇ ಇಲ್ಲ. ಹತ್ತು ನಿಮಿಷದಲ್ಲಿ ಟ್ರಂಕಿನಿಂದ ಅದೇ ಸಂಚಿಕೆ ತೆಗೆದು, ಅದರ ಫೋಟೋ ತೆಗೆದು ಕಳಿಸಿದರು. ಜೊತೆಗೆ ಒಂದೇ ಸಾಲು: "ಪುಟ ಹರದದ, ಹುಷಾರಾಗಿ ನೋಡು." ಫೋಟೋ ನೋಡುವವನು ಹುಷಾರಾಗಿ ನೋಡುವುದು ಹೇಗೆ ಅಂತ ನಾನು ಕೇಳಲಿಲ್ಲ :)

ಪುಸ್ತಕ ಟೀವಿಗೆ ಬರುವ ಇನ್ನೊಂದು ದಾರಿ ತೋರಿಸಿದವರೂ ಕಾಕಾನೇ. ಚಂದಮಾಮದ ಬೇತಾಳ ಕಥೆಗಳ ಆ ಚಿತ್ರ ಮರೆಯಲು ಸಾಧ್ಯವಾ? ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಛಲ ಬಿಡದ ತ್ರಿವಿಕ್ರಮ. ಬರೆದವರು ಶಂಕರ್, ಅಂದರೆ ಕೆ.ಸಿ. ಶಿವಶಂಕರನ್. 2020ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. 1985ರಲ್ಲಿ ರಮಾನಂದ ಸಾಗರ್ ದೂರದರ್ಶನಕ್ಕೆ 'ವಿಕ್ರಮ್ ಔರ್ ಬೇತಾಳ್' ಮಾಡಿದಾಗ ರಾಜನಾಗಿದ್ದು ಅರುಣ್ ಗೋವಿಲ್. ಕಥೆ ಸೋಮದೇವನ ಕಾಲದಷ್ಟು ಹಳೆಯದು, ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಆ ಧಾರಾವಾಹಿ ನೋಡಿದ ನಮ್ಮೂರಿನ ಮಕ್ಕಳಿಗೆ ಅದು ಚಂದಮಾಮದ ಪುಟ ಎದ್ದು ನಡೆದಂತೆ ಕಂಡಿತ್ತು. ಕಾಕಾ ಮಾತ್ರ ಒಪ್ಪಿರಲಿಲ್ಲ. ಚಂದಮಾಮದ ಹೆಣ ಹೆಗಲ ಮೇಲೆ ಜೋತು ಬಿದ್ದಿರುತ್ತದೆ, ಟೀವಿಯದ್ದು ಬೆನ್ನ ಮೇಲೆ ಸವಾರಿ ಮಾಡುತ್ತಾ ಮಾತಾಡುತ್ತದೆ. "ಹೆಣಕ್ಕ ಹೆಣದ ಮರ್ಯಾದಿ ಇರಬೇಕೋ ಬ್ಯಾಡೋ?" ಅನ್ನೋದು ಅವರ ತಕರಾರು.

ಇದಕ್ಕಿಂತ ಸ್ವಾರಸ್ಯದ್ದು ಅಮರ ಚಿತ್ರ ಕಥೆಯದ್ದು. ಅದು ಹುಟ್ಟಿದ್ದೇ ಟೀವಿಯಿಂದ ಅನ್ನೋ ಕಥೆ ನೀವೂ ಕೇಳಿರುತ್ತೀರಿ. 1967ರಲ್ಲಿ ದೆಹಲಿಯಲ್ಲಿ ಅನಂತ ಪೈ ದೂರದರ್ಶನದ ಒಂದು ಕ್ವಿಜ್ ನೋಡಿದರು. ಮಕ್ಕಳಿಗೆ ಗ್ರೀಕ್ ದೇವತೆಗಳ ಪ್ರಶ್ನೆಗೆ ಉತ್ತರ ಗೊತ್ತಿತ್ತು, ರಾಮನ ತಾಯಿ ಯಾರು ಅಂದರೆ ಗೊತ್ತಿರಲಿಲ್ಲ. ಅಲ್ಲಿಂದ ಶುರು. ಅನಂತ ಪೈ ನಮ್ಮ ಕಾರ್ಕಳದವರು, ಹೆಮ್ಮೆಯೇ. ಆದರೆ ಸರಣಿಯ ಮೊದಲ ಪುಸ್ತಕ ಅಂತ ಎಲ್ಲರೂ ಹೇಳುವ 'ಕೃಷ್ಣ'ದ ಸಂಖ್ಯೆ ನೋಡಿದ್ದೀರಾ? 11.

ಮೊದಲನೆಯದಕ್ಕೆ 11 ಯಾಕೆ? ಪ್ರೋಗ್ರಾಂ ಬರೆಯುವವರಾದರೆ ಸೊನ್ನೆಯಿಂದ ಎಣಿಸುತ್ತೇವೆ, ಉಳಿದವರು ಒಂದರಿಂದ. ಹನ್ನೊಂದರಿಂದ ಯಾರೂ ಎಣಿಸುವುದಿಲ್ಲ. ಯಾಕೆಂದರೆ ಮೊದಲ ಹತ್ತು ಬಂದಿದ್ದು ಕನ್ನಡದಲ್ಲಿ! 1965ರಲ್ಲಿ, ಆ ಕ್ವಿಜ್‌ಗೆ ಎರಡು ವರ್ಷ ಮೊದಲು, ಇಂಡಿಯಾ ಬುಕ್ ಹೌಸಿನ ಬೆಂಗಳೂರಿನ ಜಿ.ಕೆ. ಅನಂತರಾಮ್ ಕನ್ನಡ ಮಕ್ಕಳಿಗೆ ಕನ್ನಡದಲ್ಲೇ ಚಿತ್ರಕಥೆ ಬೇಕು ಅಂತ ಹಟ ಹಿಡಿದು ತರಿಸಿದ ಹತ್ತು ಪುಸ್ತಕಗಳು. ಸಿಂಡ್ರೆಲಾ, ಸ್ನೋವೈಟ್, ಪಿನೋಕಿಯೋ... ಹೊರದೇಶದ ಕಥೆಗಳೇ, ಆದರೆ ಭಾಷೆ ನಮ್ಮದು. ಚೆನ್ನಾಗಿ ಮಾರಾಟವಾದವು, ಅದನ್ನು ಕಂಡೇ ಸರಣಿ ಮುಂದುವರಿಯಿತು. ಟೀವಿಯ ಕಥೆ ಹೇಳಲು ಚೆಂದ, ಎಲ್ಲ ಕಡೆ ಅದೇ ಉಳಿಯಿತು. ಬೆಂಗಳೂರಿನ ಕಥೆಗೆ ಉಳಿದ ಸಾಕ್ಷಿ ಆ 11 ಅನ್ನುವ ಅಂಕಿ.

ಇದನ್ನು ಓದಿದ ರಾತ್ರಿಯೇ ನನಗೆ ಬೀನೋ ಲೆಕ್ಕ ಮತ್ತೆ ನೆನಪಾಗಿದ್ದು. ಕ್ಲಾಪ್ಟನ್ ಕೈಯಲ್ಲಿರುವುದು 1242 ಅಂತ ಹೇಳಬೇಕಾದರೆ ಯಾರದೋ ಮನೆಯಲ್ಲಿ 1242 ಇರಬೇಕು. 1241, 1243 ಕೂಡ ಇರಬೇಕು. ಅಲ್ಲಿನ ಜನ ಅವನ್ನು ಸುತ್ತಿಟ್ಟಿದ್ದಾರೆ, ಹರಾಜಿನಲ್ಲಿ ಕೊಳ್ಳುತ್ತಾರೆ, ಮಾರುತ್ತಾರೆ, ಹುಚ್ಚರ ಹಾಗೆ ಪಟ್ಟಿ ಮಾಡುತ್ತಾರೆ. ಕಣ್ಣು ಚುರುಕಿದ್ದರೆ ಸಾಲದು, ತಾಳೆ ನೋಡಲು ಕಾಗದ ಬೇಕು. ನಾವು ಕಾಗದವನ್ನು ತೂಕಕ್ಕೆ ಹಾಕಿ ಸ್ಟೀಲ್ ಡಬ್ಬಿ ತಂದವರು. ಕನ್ನಡ ಚಂದಮಾಮ 1949ರ ಜುಲೈನಲ್ಲಿ ಶುರುವಾಯಿತು. ಪತ್ರಿಕೆ 1998ರಲ್ಲಿ ಒಮ್ಮೆ ನಿಂತು, ಮರುವರ್ಷದ ಕೊನೆಗೆ ಮತ್ತೆ ಎದ್ದು, 2013ರಲ್ಲಿ ಪೂರ್ತಿ ನಿಂತಿತು. ಆಮೇಲೆ ಅದರ ಜಾಲತಾಣವೂ ಹೋಯಿತು.

ಇದನ್ನು ಕಾಕಾನಿಗೆ ಹೇಳಿದರೆ ಅವರು ಗುಡ್ಡದ ಕಡೆ ಕೈ ತೋರಿಸಿದರು. ನಮ್ಮೂರ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. 1840ರ ದಶಕದಲ್ಲಿ ರಾಜ ವೆಂಕಟಪ್ಪ ನಾಯಕ ಇನ್ನೂ ಹುಡುಗನಾಗಿದ್ದಾಗ ಬ್ರಿಟಿಷರ ಪರವಾಗಿ ಇಲ್ಲಿಗೆ ಬಂದ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ. ಥಗ್ಗರ ಬಗ್ಗೆ ಕಾದಂಬರಿ ಬರೆದನಲ್ಲ, ಅದೇ ಟೇಲರ್. "ಅವ ಇಲ್ಲಿ ಇದ್ದದ್ದೆಲ್ಲಾ ಬರೆದಿಟ್ಟ, ಅಚ್ಚು ಹಾಕಿಸಿದ್ರು. ಆಗ ನಮ್ಮವ್ರು ಏನ್ ಮಾಡ್ತಿದ್ರು ಅಂತ ತಿಳ್ಕೊಳ್ಳಾಕ ಈಗ ನಾವು ಅವನ್ನ ಓದ್ಬೇಕು" ಅಂದರು. ಟೇಲರನ ಆತ್ಮಕಥೆ ಬಂದಿದ್ದು 1877ರಲ್ಲಿ, ಅವನು ಸತ್ತ ಮರುವರ್ಷ. ಅವನ ಮೇಲೆ ಊರಲ್ಲಿ ಎರಡು ಅಭಿಪ್ರಾಯ ಇದೆ, ಅದು ಇನ್ನೊಂದು ದಿನ ಬರೀತೀನಿ.

ಈಗ ವಿಷಯಕ್ಕೆ ಬರ್ತೀನಿ. ಕಾಕಾನಿಗೆ ಸಕ್ಕರೆ ಕಾಯಿಲೆ. ಹೋದ ವರ್ಷದಿಂದ ಕಣ್ಣಿನ ಪರದೆಗೆ ತೊಂದರೆ ಶುರುವಾಗಿದೆ. ರಾಯಚೂರಿಗೆ ಹೋಗಿ ಇಂಜೆಕ್ಷನ್ ಮಾಡಿಸಿಕೊಂಡು ಬರುತ್ತಾರೆ. ಎಡಗಣ್ಣಲ್ಲಿ ನಡುವೆ ಒಂದು ಕಪ್ಪು ಚುಕ್ಕೆ ಕೂತಿದೆಯಂತೆ, ಓದುವ ಜಾಗದಲ್ಲೇ. ಮೊಬೈಲಿನ ಚಿತ್ರ ಕಾಣುವುದಿಲ್ಲ. ನಾನು ಸ್ಕ್ರೀನ್‌ಶಾಟ್ ಕಳಿಸುವುದು ನಿಲ್ಲಿಸಿಬಿಟ್ಟಿದ್ದೆ, ಸುಮ್ಮನೆ ಅವರಿಗೆ ನೋವಾಗಬಾರದು ಅಂತ. ಹದಿನೈದು ದಿನ ಕಳೆದ ಮೇಲೆ ಅವರೇ ಫೋನ್ ಮಾಡಿದರು.

"ಏನ್ಪಾ ತಮ್ಮಾ, ಟೀವಿ ನೋಡೂದು ಬಿಟ್ಟೀಯೇನು?"

"ಇಲ್ಲ ಕಾಕಾ... ನಿಮಗ ಕಾಣಂಗಿಲ್ಲ ಅಂತ..."

"ನನಗ ಕಾಣಂಗಿಲ್ಲ. ನಿನಗ ಕಾಣ್ತದಲ್ಲ? ನೀ ಹೇಳು, ನಾ ಕೇಳ್ತೀನಿ."

ಹಾಗಾಗಿ ಈಗ ಆಟ ಬೇರೆ ಥರ. ನಾನು ಇಲ್ಲಿ ಚಿತ್ರ ನಿಲ್ಲಿಸಿಕೊಂಡು ಫೋನಿನಲ್ಲಿ ವರ್ಣಿಸಬೇಕು. ಮೇಲೆ ಕೆಂಪು ಪಟ್ಟಿ. ಎಡಗಡೆ ಹೆಂಗಸಿನ ಮುಖ, ಮೂಗುತಿ ಇದೆ. ಹಿಂದಿನ ರಟ್ಟಿನ ಮೇಲೆ ಹಸಿರು ಡಬ್ಬಿ. ಕಾಕಾ ಮಧ್ಯೆ ಮಧ್ಯೆ ಪ್ರಶ್ನೆ ಕೇಳುತ್ತಾರೆ. ಪುಸ್ತಕ ಎಷ್ಟು ದಪ್ಪ ಅದ? ಹಿಡಿದವ ಒಂದು ಕೈಯಾಗ ಹಿಡಿದಾನೋ ಎರಡು ಕೈಯಾಗೋ? ಬೆನ್ನಿಗೆ ಪಿನ್ನು ಅದನೋ ಅಂಟು ಅದನೋ? ನಾನು ನೋಡಿಯೇ ಇರದ ಸಂಗತಿಗಳನ್ನು ಅವರು ಕೇಳಿದ ಮೇಲೆ ನೋಡುತ್ತೇನೆ. ಆಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಆ ಕಡೆ ಟ್ರಂಕಿನ ಕೊಂಡಿ ತೆಗೆದ ಸದ್ದು. "ಮ್ಯಾಲಿಂದ ಮೂರನೇ ಗಂಟಿನಾಗ ಇರಬೇಕು ನೋಡೇ" ಅಂತ ಕಾಕುಗೆ ಹೇಳುವುದು ಕೇಳಿಸುತ್ತದೆ. ಹೆಚ್ಚಿನ ಸಲ ಇರುತ್ತದೆ.

ಆದರೆ ಆ ಮನೆ ಇರುವುದಿಲ್ಲ. ಮಳೆಗೆ ಹಿಂದಿನ ಗೋಡೆ ಕುಸಿದ ಮೇಲೆ ಎಲ್ಲ ಅಣ್ಣತಮ್ಮಂದಿರು ಕೂತು ಕೆಡವಿ ಕಟ್ಟಿಸುವುದು ಅಂತ ಮಾತಾಡಿಕೊಂಡಿದ್ದಾರೆ. ದಸರೆ ಮುಗಿದ ಮೇಲೆ ಕೆಲಸ ಶುರು. ಕಟ್ಟುವ ತನಕ ಕಾಕಾ ಕಾಕು ಎರಡು ಕೋಣೆಯ ಬಾಡಿಗೆ ಮನೆಗೆ. ಅಲ್ಲಿ ಎರಡು ಟ್ರಂಕಿಗೆ ಜಾಗ ಇಲ್ಲ ಅನ್ನುವುದು ನಿಜವೇ, ಕಾಕು ಹೇಳುವುದರಲ್ಲಿ ತಪ್ಪಿಲ್ಲ. "ಓದಾಕಂತೂ ಆಗಂಗಿಲ್ಲ, ಇನ್ನ ಯಾಕ ಇಟ್ಕೊಂಡು ಕುಂದ್ರೂದು" ಅಂತ ಅಪ್ಪಾಜಿಯೂ ಅಂದರಂತೆ. ರದ್ದಿಯವನು ಒಮ್ಮೆ ಬಂದು ನೋಡಿಕೊಂಡೂ ಹೋಗಿದ್ದಾನೆ.

ನಾನು ದಸರೆಗೆ ನಾಲ್ಕು ದಿನ ಮೊದಲೇ ರಜೆ ಹಾಕಿದ್ದೇನೆ. ಒಂದು ಹಳೆಯ ಸ್ಟ್ಯಾಂಡು, ಎರಡು ದೀಪ, ಫೋನಿನ ಕ್ಯಾಮೆರಾ. ಮೊದಲು ಎಲ್ಲದರ ಮುಂದಿನ ಹಿಂದಿನ ರಟ್ಟು, ಆಮೇಲೆ ಸಮಯ ಉಳಿದರೆ ಒಳಪುಟ. ಕಾಕಾ ಪಕ್ಕದಲ್ಲಿ ಕೂತು ಒಂದೊಂದನ್ನೂ ಕೈಯಲ್ಲಿ ತಡವಿ ವರ್ಷ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ, ಇದು ಒಪ್ಪಂದ. ಟ್ರಂಕುಗಳನ್ನು ಬೆಂಗಳೂರಿಗೆ ತಂದರೆ ಎಲ್ಲಿಡುವುದು ಅಂತ ರೂಮ್‌ಮೇಟ್ ಜೊತೆ ಮಾತುಕತೆ ನಡೆದಿದೆ, ಅವನ ಜಿಮ್ ಸಾಮಾನು ಹೊರಗೆ ಹೋಗಬೇಕಾಗಬಹುದು.

ಟ್ರಂಕಿನ ತಳದಲ್ಲಿ ಕನ್ನಡದ ಸಿಂಡ್ರೆಲಾ ಚಿತ್ರಕಥೆ ಒಂದಿದೆ. ಕಾಕಾನಿಗೆ ಅವರ ದೊಡ್ಡಪ್ಪ ಕೊಟ್ಟಿದ್ದು. ಮುಂದಿನ ರಟ್ಟೂ ಇಲ್ಲ, ಹಿಂದಿನ ರಟ್ಟೂ ಇಲ್ಲ, ಮೊದಲ ಎರಡು ಹಾಳೆಯೂ ಹೋಗಿವೆ. ಕುಂಬಳಕಾಯಿ ಗಾಡಿಯಾಗುವಲ್ಲಿಂದ ಶುರುವಾಗುತ್ತದೆ. ಆ ಹತ್ತರಲ್ಲಿ ಒಂದೋ, ಬೇರೆ ಯಾರೋ ಅಚ್ಚು ಹಾಕಿದ್ದೋ, ತಾಳೆ ನೋಡಲು ರಟ್ಟಿರುವ ಇನ್ನೊಂದು ಪ್ರತಿ ಬೇಕು. ನಿಮ್ಮಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಹಳೆಯ ಕನ್ನಡ ಚಿತ್ರಕಥೆ ಪುಸ್ತಕಗಳ ಗಂಟು ಇದ್ದರೆ, ದಯವಿಟ್ಟು ಬಿಚ್ಚಿ ನೋಡಿ. 1ರಿಂದ 10ರ ಒಳಗಿನ ಅಂಕಿ ಕಂಡರೆ ಮೊದಲು ಹಿಂದಿನ ರಟ್ಟಿನ ಫೋಟೋ ತೆಗೆದು ಕಳಿಸಿ. ಅದರ ಮೇಲೆ ಏನೇನಿದೆ ಅಂತ ನಾಲ್ಕು ಸಾಲು ಬರೆದು ಕಳಿಸಿದರೆ ಇನ್ನೂ ಒಳ್ಳೆಯದು, ಕಾಕಾನಿಗೆ ಓದಿ ಹೇಳುತ್ತೇನೆ.